ಜಾಡಿಯೊಳಗಿನ ಚೀಟಿ

ಮಾನೌಮಿ ಹತ್ತಿರ ಬಂತೆಂದರೆ ನಮ್ಮ ಭಾಗ್ಯನಗರದಲ್ಲಿ ಮನೆ ತೊಳೆಯುವ ಗದ್ದಲ ಶುರು. ಕೌದಿ, ಹಾಸಿಗೆ ಬಿಸಿಲಿಗೆ ಬೀಳುತ್ತವೆ. ಅಟ್ಟದ ಮೇಲೆ ವರ್ಷವಿಡೀ ಮಲಗಿದ್ದ ಪಾತ್ರೆ-ಪಗಡೆ ಅಂಗಳಕ್ಕೆ ಇಳಿಯುತ್ತವೆ. ಮೊನ್ನೆ ಹಾಗೆಯೇ, ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದ ಮಧ್ಯಾಹ್ನ, ಬಾಜೂಮನೆಯ ಯಕ್ಕ ಕಂಪೌಂಡ್ ಗೋಡೆಯ ಆಚೆಯಿಂದ ಕರೆದರು.

“ತಂಗೀ, ಒಂಚೂರು ಬಾ ಇಲ್ಲೆ. ನೀ ಹಳೇ ಸಾಮಾನ ಕೂಡಸಾಕಿ ಅಲ್ಲೇನು? ಇದು ಏನಂತ ಹೇಳು ನೋಡೂಣು.”

ಗೋಡೆಯ ಮೇಲೆ ಅವರು ಇಟ್ಟದ್ದು ಬಿಳಿ ಪಿಂಗಾಣಿಯ ಒಂದು ಪಾತ್ರೆ. ಗಡಿಗೆಯಂತೆ ತುಂಬಿದ ಹೊಟ್ಟೆ, ಅಗಲ ಬಾಯಿ, ಒಂದೇ ಒಂದು ಕಿವಿ. ಬಾಯಿಯ ಅಂಚು ಹೆಬ್ಬೆರಳಗಲ ಹೊರಕ್ಕೆ ಚಾಚಿ ನುಣ್ಣಗೆ ಉರುಟಾಗಿತ್ತು. ಮೈಮೇಲೆ ನೀಲಿ ಹೂಬಳ್ಳಿ. ಬುಡದಲ್ಲಿ ಮುದ್ರೆಯೊಂದಿತ್ತು, ಅಕ್ಷರ ಸವೆದುಹೋಗಿತ್ತು. ಒಳಗಿನ ಹೊಳಪಿನಲ್ಲಿ ಜೇಡರ ಬಲೆಯಂಥ ಸಣ್ಣ ಗೆರೆಗಳು ಬಿಟ್ಟಿದ್ದವು.

“ನಮ್ಮ ಮಾವನಾರು ಮುನಿರಾಬಾದಿನ ಕ್ಯಾಂಪಿನ್ಯಾಗ ಇದ್ರು. ಡ್ಯಾಮ್ ಕಟ್ಟೂ ಮುಂದ ಸಾಹೇಬರ ಬಂಗ್ಲೆದಾಗ ಕೆಲಸ. ಕ್ಯಾಂಪ್ ಎತ್ತಿದಾಗ ಹರಾಜಿನ್ಯಾಗ ತಂದಿದ್ರಂತ. ಮೋಡಕಾದವಗ ತೋರಿಸಿದ್ರ ಹತ್ತು ರೂಪಾಯಿನೂ ಬರಂಗಿಲ್ಲ ಅಂದ. ಮೊಸರ ಹೆಪ್ಪ ಹಾಕಾಕರ ಬರತೈತೇನು?”

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರ ಹೊತ್ತಿಗೆ ಮುಗಿಯಿತು. ಹೊಸಪೇಟೆಯ ದಂಡೆ ಮದ್ರಾಸಿನವರದು, ಮುನಿರಾಬಾದಿನ ದಂಡೆ ಹೈದರಾಬಾದಿನವರದು. ಯಕ್ಕನ ಮಾವನವರು ಆ ಕಾಲದವರು. ನಾನು ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಪುಸ್ತಕದ ಚಿತ್ರಗಳಲ್ಲಿ ನೋಡಿದ್ದೆ, ಕೈಯಲ್ಲಿ ಹಿಡಿದದ್ದು ಅದೇ ಮೊದಲು.

“ಮೊಸರು ಬ್ಯಾಡ್ರಿ ಯಕ್ಕಾ. ಇದು ರಾತ್ರಿ ಮಂಚದ ಕೆಳಗ ಇಡೂ ಪಾತ್ರಿ. ಸಾಹೇಬರ ಮಂದಿ ರಾತ್ರಿ ಒಂದಕ್ಕ ಹೋಗಾಕ ಹೊರಗ ಬರತಿರಲಿಲ್ಲ.”

ಯಕ್ಕ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಮತ್ತೆ ಮುಂದೆ ಬಂದು ಹೂಬಳ್ಳಿಯ ಮೇಲೆ ಬೆರಳಾಡಿಸಿದರು. “ಇಂಥಾದ್ದಕ್ಕ ಇಷ್ಟು ಚಂದ ಹೂವ ಯಾಕ ಬರದಾರ?”

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಯುರೋಪಿನ ಮನೆಗಳಲ್ಲಿ ನೀರು ಹಾಕಿ ತೊಳೆಯುವ ಪಾಯಿಖಾನೆ ಬರುವ ಮುಂಚೆ ಮಲಗುವ ಕೋಣೆಯಲ್ಲಿ ಇದು ಇರಲೇಬೇಕಾದ ಸಾಮಾನು. ಮುಖ ತೊಳೆಯುವ ಬೋಗುಣಿ, ನೀರಿನ ಹೂಜಿ, ಸೋಪಿನ ಬಟ್ಟಲು, ಇದು, ಎಲ್ಲಕ್ಕೂ ಒಂದೇ ಚಿತ್ತಾರ ಹಾಕಿ ಒಂದೇ ಸೆಟ್ಟಾಗಿ ಮಾರುತ್ತಿದ್ದರು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಹೆಂಗಸರಿಗೆಂದೇ ದೋಣಿಯಾಕಾರದ ಸಣ್ಣ ಪಾತ್ರೆಯೊಂದು ಇತ್ತು. ಅದಕ್ಕೆ ಬೂರ್ದಲೂ ಎಂದು ಹೆಸರು. ಅದರ ಅಂದಕ್ಕೆ ಮರುಳಾಗಿ ಕೊಂಡ ಎಷ್ಟೋ ಜನ ಅದನ್ನು ಊಟದ ಮೇಜಿನ ಸಾರಿನ ಪಾತ್ರೆ ಎಂದೇ ತಿಳಿದಿದ್ದರು. ಯಕ್ಕ ಮೊಸರಿನ ಮಾತೆತ್ತಿದ್ದರಲ್ಲಿ ತಪ್ಪೇನೂ ಇಲ್ಲ. ಇಂಥವನ್ನು ಕೂಡಿಸುವವರು ಜಗತ್ತಿನ ತುಂಬ ಇದ್ದಾರೆ. ನಮ್ಮ ದಿಲ್ಲಿಯಲ್ಲೇ ಬಿಂದೇಶ್ವರ ಪಾಠಕರು 1992ರಲ್ಲಿ ಶೌಚಾಲಯಗಳದ್ದೇ ಒಂದು ವಸ್ತುಸಂಗ್ರಹಾಲಯ ತೆರೆದರು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆ ಕೂರುತ್ತಿದ್ದ ಶೌಚ ಸಿಂಹಾಸನದ ಮಾದರಿಯೂ ಅಲ್ಲಿದೆ.

ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಯಕ್ಕ ಕೇಳಿದ್ದು ಒಂದೇ ಮಾತು.

“ಅದಿರಲಿ. ಮುಂಜಾನೆ ಎದ್ದು ಇದನ್ನ ಚೆಲ್ಲವರು ಯಾರು?”

ನನ್ನ ಮಾತು ಅಲ್ಲಿಗೇ ನಿಂತಿತು. ಇಷ್ಟು ವರ್ಷ ಹಳೆಯ ಸಾಮಾನು ಕೂಡಿಸುತ್ತ ಬಂದಿದ್ದೇನೆ. ಯಾವ ಕಾಲದ್ದು, ಯಾವ ಮಣ್ಣಿನದು, ಯಾವ ಕಾರ್ಖಾನೆಯದು ಎಂದು ಕೇಳುತ್ತೇನೆ. ಯಕ್ಕ ಕೇಳಿದ್ದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕಿತ್ತು. ಬಂಗಲೆಯ ಹಿಂಬಾಗಿಲಿನಿಂದ ಬೆಳಕು ಹರಿಯುವ ಮೊದಲೇ ಯಾರೋ ಒಳಗೆ ಬಂದು, ಇದರ ಮೇಲೆ ಬಟ್ಟೆ ಮುಚ್ಚಿ, ಇದೇ ಕಿವಿ ಹಿಡಿದು ಹೊರಗೆ ಒಯ್ಯುತ್ತಿದ್ದರು. ತೊಳೆದು ಬಿಸಿಲಿಗೆ ಇಟ್ಟು ಸಂಜೆ ಮತ್ತೆ ಮಂಚದ ಕೆಳಗೆ ಸರಿಸುತ್ತಿದ್ದರು. ಹೂಬಳ್ಳಿಯನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವರು ಅವರೇ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು 1970ರ ದಶಕ ಬರಬೇಕಾಯಿತು. ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಅದನ್ನು ಹಟ ಹಿಡಿದು ಮಾಡಿಸಿದರು. ದೇಶಕ್ಕೆಲ್ಲ ಕಾಯಿದೆ ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಮತ್ತೊಂದು ಬಂತು. ಒಂದು ಪಾತ್ರೆಯ ಕಿವಿ ಹಿಡಿದರೆ ಇಷ್ಟು ದೂರ ಹೋಗಬೇಕಾಗುತ್ತದೆ.

ಹಳೆಯದನ್ನು ಬೀಸಾಡಬಾರದು ಎಂಬುದನ್ನು ನನಗೆ ಕಲಿಸಿದ್ದು ನಮ್ಮ ಊರೇ. ಕೊಪ್ಪಳಕ್ಕೆ ಅಂಟಿಕೊಂಡ ಈ ಭಾಗ್ಯನಗರಕ್ಕೆ ಎರಡು ಕಸುಬು. ಒಂದು ನೇಕಾರಿಕೆ, ಇನ್ನೊಂದು ಕೂದಲು. ಹೆಂಗಸರು ತಲೆ ಬಾಚುವಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿರುತ್ತಾರಲ್ಲ, ಅದನ್ನು ಹಳ್ಳಿ ಹಳ್ಳಿ ತಿರುಗಿ, ಬದಲಿಗೆ ಸ್ಟೀಲಿನ ಪಾತ್ರೆಯೋ ಪಿನ್ನೋ ಪುಗ್ಗೆಯೋ ಕೊಟ್ಟು ತರುತ್ತಾರೆ. ಇಲ್ಲಿ ಮನೆಮನೆಯಲ್ಲಿ ಹೆಂಗಸರು ಕೂತು ಸಿಕ್ಕು ಬಿಡಿಸುತ್ತಾರೆ, ತೊಳೆಯುತ್ತಾರೆ, ಉದ್ದ ನೋಡಿ ವಿಂಗಡಿಸಿ ಕಟ್ಟು ಕಟ್ಟುತ್ತಾರೆ. ಅದು ಪರದೇಶಕ್ಕೆ ಹೋಗಿ ಯಾರದೋ ತಲೆಯ ಟೋಪನ್ ಆಗುತ್ತದೆ. ಉದುರಿದ ಕೂದಲಿಗೆ ಬೆಲೆ ಕಟ್ಟಿ ಬದುಕು ಕಟ್ಟಿಕೊಂಡ ಊರು ಅಜ್ಜಿಯ ಜಾಡಿಯನ್ನು ಮೋಡಕಾಕ್ಕೆ ಹಾಕುವುದು ನೋಡಿದಾಗ ನನಗೆ ಸಂಕಟವಾಗುತ್ತದೆ.

ನನ್ನ ಹತ್ತಿರ ಈಗ ಹನ್ನೊಂದು ಜಾಡಿಗಳಿವೆ. ಮೇಲರ್ಧ ಕಂದು, ಕೆಳಗರ್ಧ ಹಾಲುಬಿಳುಪು. ಉಪ್ಪಿನಕಾಯಿ ಹಾಕುವ ಈ ಜಾಡಿ ಎಲ್ಲರ ಮನೆಯಲ್ಲೂ ಇತ್ತು. ಪಿಂಗಾಣಿ ಎಂಬ ಮಾತು ನಮಗೆ ಪಾರಸಿಯಿಂದ ಬಂದದ್ದು, ಅಲ್ಲಿ ಪಿಂಗಾನ್ ಎಂದರೆ ಬಟ್ಟಲು. ನಮ್ಮ ಜಾಡಿ ಚೀನಾದ ತೆಳು ಪಿಂಗಾಣಿಯಷ್ಟು ನಾಜೂಕಿನದಲ್ಲ. 1200 ಡಿಗ್ರಿಯ ಆಸುಪಾಸಿನ ಬೆಂಕಿಯಲ್ಲಿ ಬೆಂದು ಕಲ್ಲಿನಂತಾದ ಮಣ್ಣು ಅದು. ತಾಮ್ರ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು ಹತ್ತುತ್ತದೆ, ಸುಟ್ಟ ಮಣ್ಣಿನ ಬರೀ ಗಡಿಗೆ ಎಣ್ಣೆ ಕುಡಿಯುತ್ತದೆ. ಗಾಜಿನಂಥ ಲೇಪ ಕೂತ ಈ ಜಾಡಿಯನ್ನು ಉಪ್ಪು, ಹುಳಿ, ಖಾರ ಯಾವುದೂ ಮುಟ್ಟಲಾರವು. ನಮ್ಮವ್ವ ಮಾವಿನಕಾಯಿ ಹಾಕಿ, ಬಾಯಿಗೆ ಮಗ್ಗದಿಂದ ಬಿಡಿಸಿದ ಬಿಳಿ ಬಟ್ಟೆ ಕಟ್ಟಿ, ಮಡಿಯಲ್ಲಿ ಮಾತ್ರ ಬಿಚ್ಚುತ್ತಿದ್ದಳು. ಆ ಬಟ್ಟೆ ಬಿಚ್ಚಿದ ದಿನ ಓಣಿಯ ಹುಡುಗರಿಗೆಲ್ಲ ತಿಳಿಯುತ್ತಿತ್ತು.

ಅವಳ ಜಾಡಿಯ ಕಿವಿಯ ಬುಡದಲ್ಲಿ, ಲೇಪದ ಕೆಳಗೆ, ಒಂದು ಹೆಬ್ಬೆರಳಿನ ಗುರುತಿದೆ. ಹಸಿ ಮಣ್ಣಿನ ಕಿವಿಯನ್ನು ಜಾಡಿಗೆ ಒತ್ತಿ ಕೂರಿಸುವಾಗ ಬಿದ್ದದ್ದು. ಬೆಳಕಿಗೆ ಓರೆಯಾಗಿ ಹಿಡಿದರೆ ಬೆರಳಿನ ಗೆರೆಗಳೂ ಕಾಣುತ್ತವೆ. ನನ್ನ ಹೆಬ್ಬೆರಳು ಇಟ್ಟು ನೋಡಿದರೆ ಅದರೊಳಗೆ ಸಡಿಲಾಗುತ್ತದೆ, ದೊಡ್ಡ ಕೈಯ ಕೆಲಸಗಾರ. ಇಲ್ಲೇ ಹತ್ತಿರದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರನ್ನು ನಾವು ಮನೆತನದ ಹೆಸರಿನಿಂದ ಬಲ್ಲೆವು. ಕುಂಬಾರ ಗುಂಡಯ್ಯನನ್ನು ಶರಣನೆಂದು ಕೈಮುಗಿಯುವ ನಾಡು ನಮ್ಮದು. ಈ ಜಾಡಿಯವನು ಮಾತ್ರ ಹೆಬ್ಬೆರಳಿನ ಗುರುತೊಂದನ್ನು ಬಿಟ್ಟು ಹೋದ.

“ಜಾಡಿ ಸೀಳೇತೋ ಇಲ್ಲೋ ಹೆಂಗ ತಿಳೀತೈತಿ?” ಎಂದು ಯಕ್ಕ ಕೇಳಿದರು. ಅವರದೂ ಒಂದು ಅಟ್ಟದ ಮೇಲಿತ್ತು, ಇಳಿಸಿ ತಂದರು. ಬರಿದಾದ ಜಾಡಿಯನ್ನು ಅಂಗೈ ಮೇಲೆ ಕೂರಿಸಿ ಬೆರಳ ಗೆಣ್ಣಿನಿಂದ ಹೊಡೆದರೆ ಗಟ್ಟಿ ಜಾಡಿ ಗಂಟೆಯಂತೆ ಠಣ್ ಎನ್ನುತ್ತದೆ. ಸೀಳಿದ್ದರೆ ಒಡಕು ದನಿ. ಯಕ್ಕನ ಜಾಡಿ ಠಣ್ ಎಂದಿತು, ಅವರ ಮುಖ ಅರಳಿತು. ಆದರೂ ಒಂದು ಮಾತು ಹೇಳಿದೆ. ಹಳೆಯ ಬಣ್ಣದ ಲೇಪದಲ್ಲಿ ಸೀಸ ಇರುವುದುಂಟು. ಹುಳಿ ಅದನ್ನು ಎಳೆದುಕೊಳ್ಳುತ್ತದೆ. ಎಲ್ಲಿಯದೆಂದು ಗೊತ್ತಿಲ್ಲದ, ಒಳಗೆ ಲೇಪ ಬಿರಿದ ಪಾತ್ರೆಯಲ್ಲಿ ಉಪ್ಪಿನಕಾಯಿ ಇಡಬಾರದು. ನೋಡಲು ಇಡೋಣ, ತಿನ್ನಲು ಬೇಡ.

ಮಾತು ಹೀಗೆ ಹೊರಳಿ ಬೆಳ್ಳಿಗೆ ಬಂತು, ಬೆಳ್ಳಿಯಿಂದ ಹೈದರಾಬಾದಿನ ಒಂದು ಸಂಗ್ರಹಕ್ಕೆ ಹೋಯಿತು. ಭಾಗ್ಯನಗರ ಎಂದರೆ ಹೈದರಾಬಾದಿಗೂ ಒಂದು ಹೆಸರು. ಆ ಭಾಗ್ಯನಗರಕ್ಕೂ ಈ ಭಾಗ್ಯನಗರಕ್ಕೂ ನಂಟಿದೆ. ನಿಜಾಮರ ಕಾಲದಲ್ಲಿ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಆ ಮನೆತನದ ಕೊನೆಯವರಾದ ಮೀರ್ ಯೂಸುಫ್ ಅಲಿ ಖಾನ್, ಅಂದರೆ ಮೂರನೆಯ ಸಾಲಾರ್ ಜಂಗ್, 1889ರಲ್ಲಿ ಹುಟ್ಟಿ 1949ರಲ್ಲಿ ತೀರಿಕೊಂಡರು. ಮದುವೆಯಾಗಲಿಲ್ಲ. ಜೀವಮಾನವೆಲ್ಲ ಸಾಮಾನು ಕೂಡಿಸಿದರು. ಚೀನಾದ ಹಸಿರು ಪಿಂಗಾಣಿ, ಫ್ರಾನ್ಸಿನ ಸೆವ್ರ್, ಜರ್ಮನಿಯ ಡ್ರೆಸ್ಡೆನ್, ಇಂಗ್ಲೆಂಡಿನ ವೆಜ್‌ವುಡ್, ಬೆಳ್ಳಿ, ಬೀದರಿನ ಬಿದ್ರಿ, ಗಡಿಯಾರ, ಶಿಲ್ಪ ಎಲ್ಲವೂ ಅವರ ಮನೆಯಲ್ಲಿದ್ದವು. 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ಆ ಮನೆತನದ ಅರಮನೆಯಾದ ದಿವಾನ್ ದೇವಡಿಯಲ್ಲೇ ಅದನ್ನು ವಸ್ತುಸಂಗ್ರಹಾಲಯವಾಗಿ ತೆರೆದರು. 1968ರಲ್ಲಿ ಅದು ಮೂಸಿ ನದಿಯ ದಂಡೆಯ ಈಗಿನ ಕಟ್ಟಡಕ್ಕೆ ಬಂತು.

ಆ ಹಸಿರು ಪಿಂಗಾಣಿಯ ತಟ್ಟೆಯಲ್ಲಿ ವಿಷ ಬೆರೆಸಿದ ಅನ್ನ ಹಾಕಿದರೆ ತಟ್ಟೆ ಬಣ್ಣ ಬದಲಿಸುತ್ತದೆ, ಇಲ್ಲವೇ ಸೀಳುತ್ತದೆ ಎಂದು ಅರಮನೆಯವರು ನಂಬಿದ್ದರು. ಅಲ್ಲಿಗೆ ಹೋದಾಗ ಗಾಜಿನ ಕಪಾಟಿನ ಮುಂದೆ ನಿಂತು ನನಗೆ ನೆನಪಾದದ್ದು ನಮ್ಮ ಕಡೆಯ ಎರಿ ಹೊಲ. ಜಹಗೀರಿನ ಕಂದಾಯ ಎಂದರೆ ಜೋಳ, ಹತ್ತಿ ಬೆಳೆದವರು ಕೊಟ್ಟ ಹಣ. ನಮ್ಮ ಹಿರಿಯರ ಬೆವರಿನ ಒಂದು ಪಾಲೂ ಆ ಕಪಾಟಿನೊಳಗೆ ಇದೆ. ಅದಕ್ಕೇ ಅಲ್ಲಿ ನಾನು ಪರರ ಮನೆಗೆ ಹೋದವಳಂತೆ ನಿಲ್ಲಲಿಲ್ಲ.

ಅಲ್ಲಿ ಬಿದ್ರಿಯ ಹುಕ್ಕಾ, ಹೂಜಿ, ಎಲೆ-ಅಡಿಕೆ ಉಗುಳುವ ಪೀಕದಾನಿಗಳೂ ಇವೆ. ಉಗುಳುವುದಕ್ಕೂ ಬೆಳ್ಳಿಯ ಕುಸುರಿ! ಯಕ್ಕನ ಹೂಬಳ್ಳಿಯ ಪಾತ್ರೆಗೆ ಅದು ಅಣ್ಣ. ಬಿದ್ರಿಯ ಮೈ ಬೆಳ್ಳಿಯದಲ್ಲ, ಬಹುಪಾಲು ಸತು, ಜೊತೆಗೆ ಒಂದಿಷ್ಟು ತಾಮ್ರ. ಎರಕ ಹೊಯ್ದು ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚಿ ಕಪ್ಪಾಗಿಸಿ, ಅದರ ಮೇಲೆ ಗೆರೆ ಬರೆದು, ಉಳಿಯಿಂದ ಕೊರೆದು, ಆ ಕೊರೆತದೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕಡೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿದ ನೀರಿನಲ್ಲಿ ಹಾಕಿದರೆ ಮೈಯೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕೆಲಸಗಾರರು ಆ ಮಣ್ಣನ್ನು ನಾಲಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಈ ಕಸುಬನ್ನು ಬದುಕಿನುದ್ದಕ್ಕೂ ಹಿಡಿದ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿ ಓದಿದ ದಿನ ನಾನು ಮನೆಯಲ್ಲಿ ಹುಗ್ಗಿ ಮಾಡಿದೆ.

ಬೆಳ್ಳಿಯ ವಿಷಯದಲ್ಲಿ ನನಗೊಂದು ನೋವಿದೆ. ನಮ್ಮವ್ವನ ತವರಿನಿಂದ ಬಂದ ಬೆಳ್ಳಿಯ ಪನ್ನೀರದಾನಿ ಇತ್ತು. ಉದ್ದ ಕೊರಳು, ತುದಿಯಲ್ಲಿ ದಾಳಿಂಬೆ ಹೂವಿನಂಥ ತಲೆ, ಅದರ ತುಂಬ ಸಣ್ಣ ತೂತು. ಮದುವೆ ಮನೆಯ ಬಾಗಿಲಲ್ಲಿ ಅದನ್ನು ಹಿಡಿದು ನಿಲ್ಲುವ ಕೆಲಸ ಸಣ್ಣ ಹುಡುಗಿಯಾಗಿದ್ದ ನನ್ನದು. ನನ್ನ ಮದುವೆಯ ವರ್ಷ ಅದನ್ನು ಕರಗಿಸಿದರು. ತೂಕ ಮಾಡಿ, ಬೆಸುಗೆಯ ಪಾಲು ಕಳೆದು, ಉಳಿದ ಬೆಳ್ಳಿಗೆ ಒಂದು ಜೊತೆ ಕಾಲುಗೆಜ್ಜೆ ಬಂತು. ಗೆಜ್ಜೆ ಎರಡು ವರ್ಷಕ್ಕೆ ಸವೆಯಿತು. ಆಗ ನಾನು ಬೇಡ ಅನ್ನಲಿಲ್ಲ, ಅನ್ನಬೇಕಿತ್ತು. ತೂಕದಲ್ಲಿ ಬಂದದ್ದು ಬೆಳ್ಳಿಯ ಬೆಲೆ ಮಾತ್ರ. ಅಷ್ಟು ತೂತುಗಳನ್ನು ಒಂದೊಂದಾಗಿ ಕೊರೆದ ಪತ್ತಾರನ ದಿನಗಳಿಗೆ ಯಾರೂ ಬೆಲೆ ಕಟ್ಟಲಿಲ್ಲ.

ಅದಕ್ಕೇ ಈಗ ಕೇಳಿದವರಿಗೆಲ್ಲ ಹೇಳುತ್ತೇನೆ, ಕರಗಿಸುವ ಮುಂಚೆ ಒಂದು ರಾತ್ರಿ ಎದುರಿಗಿಟ್ಟುಕೊಂಡು ಕೂಡಿರಿ. ಜರ್ಮನ್ ಬೆಳ್ಳಿ ಎಂದರೆ ಅದರಲ್ಲಿ ಬೆಳ್ಳಿಯೇ ಇಲ್ಲ, ತಾಮ್ರ, ನಿಕ್ಕಲ್, ಸತು ಕೂಡಿದ್ದು. ಬೆಳ್ಳಿಯ ನೀರು ಕೊಟ್ಟ ಪಾತ್ರೆಯಾದರೆ ಅಂಚು ಸವೆದಲ್ಲಿ ಒಳಗಿನ ಬಣ್ಣ ಇಣುಕುತ್ತದೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಅದಕ್ಕೆ ಹೆದರಿ ತಂತಿಬ್ರಶ್ ಹಿಡಿಯಬಾರದು. ನಮ್ಮ ಕಡೆ ವಿಭೂತಿ ಹಚ್ಚಿ ಒರೆಸುವುದು ಹಿರಿಯರ ಪದ್ಧತಿ, ಅದು ಒಳ್ಳೆಯದೇ. ಆದರೆ ಪ್ರತಿ ಸಲ ಉಜ್ಜಿದಾಗಲೂ ಕೂದಲೆಳೆಯಷ್ಟು ಬೆಳ್ಳಿ ಹೋಗುತ್ತದೆ. ಹೂವಿನ ಸಂದಿಯೊಳಗಿನ ಕಪ್ಪು ಇರಲಿ ಬಿಡಿ, ಅದು ಇದ್ದರೇ ಹೂವು ಎದ್ದು ಕಾಣುತ್ತದೆ.

“ಎಲ್ಲಾರೂ ಕೂಡಿಸಿ ಇಟ್ಕೊಂಡ್ರ ಮನ್ಯಾಗ ಜಾಗಾನ ಸಾಲಂಗಿಲ್ಲಲ್ಲ ತಂಗಿ” ಎಂದರು ಯಕ್ಕ.

ಎಲ್ಲ ಇಟ್ಟುಕೊಳ್ಳಬೇಕೆಂದಿಲ್ಲ. ಇಟ್ಟದ್ದರ ಕತೆ ಕಳೆಯಬಾರದು, ಅಷ್ಟೇ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬ ಬ್ಯಾಂಕಿನ ನೌಕರರೊಬ್ಬರು, ಕೆಡವುತ್ತಿದ್ದ ಹಳೆಯ ಮನೆಗಳ ಬಾಗಿಲು, ಕಂಬ, ಪಾತ್ರೆ, ದೀಪಗಳನ್ನು ತಂದು ತಂದು ಕಡೆಗೆ ಇಡೀ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕಟ್ಟಿದರು. 2017ರಲ್ಲಿ ತೀರಿಕೊಂಡರು. ನಮ್ಮ ಜಿಲ್ಲೆಯ ಕುಕನೂರಿನ ಕಮಲ ಮಹಲ್ ಇವತ್ತು ನೋಡಬೇಕೆಂದರೆ ಅಲ್ಲಿಗೆ ಹೋಗಬೇಕು. ನಮ್ಮ ಕಡೆಯ ಮನೆ ಕರಾವಳಿಗೆ ಹೋಗಿ ಉಳಿಯಿತು. ಉಳಿಯಿತೆಂಬ ಸಂತೋಷವೂ ಇಲ್ಲಿಯೇ ಉಳಿಯಲಿಲ್ಲವೆಂಬ ಕೊರಗೂ ನನಗೆ ಒಟ್ಟಿಗೇ ಇವೆ.

ಚೂರಾದದ್ದೂ ವ್ಯರ್ಥವಲ್ಲ. ಹಂಪಿಯ ಉತ್ಖನನದಲ್ಲಿ ಚೀನಾ ಪಿಂಗಾಣಿಯ ಚೂರುಗಳು ಸಿಕ್ಕಿವೆ, ನಮ್ಮ ಮಣ್ಣಿನ ಗಡಿಗೆ-ಮಡಿಕೆಗಳ ಚೂರುಗಳು ರಾಶಿ ರಾಶಿ ಸಿಕ್ಕಿವೆ. ಅಮೆರಿಕದ ಕಾರ್ಲಾ ಸಿನೊಪೊಲಿ ಎಂಬ ವಿದುಷಿ ಆ ಮಣ್ಣಿನ ಚೂರುಗಳನ್ನೇ ಅಳೆದು ವಿಂಗಡಿಸಿ 1993ರಲ್ಲಿ ಒಂದು ಪುಸ್ತಕ ಬರೆದರು. ಅರಸರ ಊರಿನಲ್ಲಿ ಯಾರು ಹೇಗೆ ಬೇಯಿಸಿ ಉಂಡರು ಎಂಬುದನ್ನು ಹೇಳಲು ಗಡಿಗೆಯ ಕಂಠವೇ ಸಾಕ್ಷಿಯಾಯಿತು. ಆದರೆ ಹೊಲ ಉಳುವಾಗ ಏನಾದರೂ ಸಿಕ್ಕರೆ ಮನೆಗೆ ತಂದಿಟ್ಟುಕೊಳ್ಳಬಾರದು, ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ವಸ್ತು 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು. ಅನುಮತಿ ಇಲ್ಲದೆ ಅದನ್ನು ಪರದೇಶಕ್ಕೆ ಒಯ್ಯುವಂತಿಲ್ಲ. ಪ್ರೀತಿ ಇದ್ದವರು ಈ ನಿಯಮವನ್ನೂ ಪ್ರೀತಿಯಿಂದಲೇ ಪಾಲಿಸಬೇಕು.

ನಾನು ಮಾಡುವುದು ಇಷ್ಟು. ಯಾವ ಸಾಮಾನು ಬಂದರೂ ಅದರೊಳಗೆ ಒಂದು ಚೀಟಿ ಇಡುತ್ತೇನೆ. ಯಾರ ಮನೆಯದು, ಯಾರು ತಂದರು, ಏನು ಹಾಕುತ್ತಿದ್ದರು, ಕಡೆಯ ಸಲ ತೊಳೆದವರು ಯಾರು ಎಂದು ಪೆನ್ಸಿಲಿನಲ್ಲಿ ಬರೆಯುತ್ತೇನೆ, ಮಸಿ ಹರಡುತ್ತದೆ. ಅವ್ವನ ಜಾಡಿಯ ಚೀಟಿಯಲ್ಲಿ ಹೆಬ್ಬೆರಳಿನ ಮಾತೂ ಇದೆ. ಪನ್ನೀರದಾನಿ ಇಲ್ಲ, ಅದರ ಚೀಟಿ ಮಾತ್ರ ಇದೆ. ಯಕ್ಕನಿಗೂ ಇದನ್ನೇ ಹೇಳಿ, ಕರೆಂಟು ಬಂದು ಮಗ್ಗಗಳು ಶುರುವಾದ್ದರಿಂದ ಒಳಗೆ ಬಂದೆ.

ಮರುದಿನ ಬೆಳಿಗ್ಗೆ ಯಕ್ಕ ಮತ್ತೆ ಗೋಡೆಯ ಹತ್ತಿರ ನಿಂತಿದ್ದರು. ಪಾತ್ರೆ ತೊಳೆದು ಒರೆಸಿ ಹೊಳೆಯುತ್ತಿತ್ತು.

“ರಾತ್ರಿ ನಿದ್ದಿ ಬರಲಿಲ್ಲ ತಂಗಿ. ನಮ್ಮತ್ತಿ ಕಡೀಗೆ ಎಂಟು ತಿಂಗಳ ಹಾಸಿಗಿ ಹಿಡದಿದ್ರು. ಪ್ಲಾಸ್ಟಿಕ್ ಬೋಗುಣಿ ಹಿಡಿಯಾಕಿ ನಾನ. ಹಿಡಿದಾಗೆಲ್ಲ ಮಾರಿ ಆ ಕಡಿ ಹೊಳ್ಳಿಸ್ತಿದ್ರು, ನಾಚಿಕಿ ಅವರಿಗೆ. ಒಂದಿನ ನನ್ನ ಕೈ ಹಿಡಕೊಂಡು ಸುಮ್ನ ಅತ್ತರು. ಇದು ಅಟ್ಟದ ಮ್ಯಾಲ ಐತಿ ಅಂತ ಗೊತ್ತಿದ್ರ ಇದನ್ನ ಹಿಡೀತಿದ್ನಿ. ಹೂವರ ಇದ್ವು.”

ನಾನು ಏನೂ ಹೇಳಲಿಲ್ಲ. ಅವರೇ ಗೋಡೆಯ ಮೇಲಿಂದ ಕೈ ಚಾಚಿದರು.

“ಚೀಟಿ ತಾ. ನಾ ಹೇಳ್ತೀನಿ, ನೀ ಬರಿ. ಮಾವನಾರು ಮುನಿರಾಬಾದ ಕ್ಯಾಂಪಿನಿಂದ ತಂದದ್ದು. ಸಾಹೇಬರ ಮನ್ಯಾಗ ಇದನ್ನ ಚೆಲ್ಲಿ ತೊಳದವರ ಹೆಸರು ನಮಗ ಗೊತ್ತಿಲ್ಲ, ಅವರಿಗೆ ಶರಣು. ಈ ಮನ್ಯಾಗ ಆ ಸೇವಾ ಸೊಸಿ ಮಾಡ್ಯಾಳ.”

“ನಿಮ್ಮ ಹೆಸರು ಹಾಕಲೇನ್ರಿ ಯಕ್ಕಾ?”

ಒಂದು ಗಳಿಗೆ ಸುಮ್ಮನಿದ್ದು “ಹಾಕು” ಎಂದರು. ಬರೆದುಕೊಟ್ಟೆ. ಚೀಟಿಯನ್ನು ಎರಡು ಮಡಿಕೆ ಮಾಡಿ, ಪಾತ್ರೆಯೊಳಗೆ ಅವರೇ ಇಟ್ಟರು.